ಮೂರನೇ ದಿನವನ್ನು ಕತ್ತರಿಸಿ ತೆಗೆದರೆ

"ಯೇಸು ನನಗೂ ಇಷ್ಟ ಮಾರಾಯ. ಆದರೆ ಸತ್ತು ಮೂರನೇ ದಿನ ಎದ್ದು ಬಂದರು ಅಂತೀರಲ್ಲ, ಅದೊಂದನ್ನು ಬಿಟ್ಟುಬಿಡಿ. ಆಗ ಅವರು ಎಲ್ಲರಿಗೂ ಬೇಕಾದವರಾಗ್ತಾರೆ."

ಚಹಾ ಕುಡಿಯುತ್ತಾ ಗೆಳೆಯನೊಬ್ಬ ಹೀಗಂದ. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಕ್ರಿಸ್‌ಮಸ್‌ಗೆ ನಾವು ಕುಸ್ವಾರ್ ತಿಂಡಿ ಕೊಟ್ಟರೆ ಡಬ್ಬಿಯನ್ನು ಖಾಲಿ ಕಳಿಸದ ಮನುಷ್ಯ ಅವನು. ಯೇಸು ಸತ್ತ ದಿನಕ್ಕೆ 'ಹ್ಯಾಪಿ ಗುಡ್ ಫ್ರೈಡೇ' ಅಂತ ಮೆಸೇಜ್ ಹಾಕುವವರ ಪೈಕಿಯೂ ಅಲ್ಲ. ಹಾಗಾಗಿ ಅಲ್ಲೇ ವಾದಕ್ಕಿಳಿಯಲಿಲ್ಲ. ಮನೆಗೆ ಬಂದ ಮೇಲೆ ಉತ್ತರ ಹೊಳೆಯಿತು. ಯಾವಾಗಲೂ ಹಾಗೇ ಅಲ್ವಾ?

ಅವನ ಮಾತು ಹೊಸದೇನಲ್ಲ. ಗಾಂಧೀಜಿ 1931ರಲ್ಲೇ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಯೇಸು ಅನ್ನುವ ಮನುಷ್ಯ ಬದುಕಿರಲೇ ಇಲ್ಲ ಅಂತ ಯಾರಾದರೂ ತೋರಿಸಿಕೊಟ್ಟರೂ ತನಗೆ ಚಿಂತೆಯಿಲ್ಲ, ಬೆಟ್ಟದ ಮೇಲಿನ ಪ್ರಸಂಗ ಅನ್ನುವ ಯೇಸುವಿನ ಬೋಧನೆ ಆಗಲೂ ತನಗೆ ಸತ್ಯವೇ ಅಂದಿದ್ದರು. ಅವರಿಗೂ ಮೊದಲು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಇನ್ನೊಂದು ಕೆಲಸ ಮಾಡಿದ್ದ. ಬ್ಲೇಡು ಹಿಡಿದು ಕೂತು, ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಿಂದ ತನಗೆ ಒಪ್ಪಿಗೆಯಾದ ಸಾಲುಗಳನ್ನು ಮಾತ್ರ ಕತ್ತರಿಸಿ ಅಂಟಿಸಿಕೊಂಡ. 1820ರಲ್ಲಿ ಆ ಕೆಲಸ ಮುಗಿಯಿತು. ಪವಾಡಗಳೆಲ್ಲ ಹೊರಗೆ. ಅವನ ಪುಸ್ತಕದ ಕೊನೆಯಲ್ಲಿ ಯೇಸುವನ್ನು ಸಮಾಧಿಯಲ್ಲಿಟ್ಟು, ಬಾಗಿಲಿಗೆ ದೊಡ್ಡ ಕಲ್ಲು ಉರುಳಿಸಿ ಹೊರಟುಹೋಗುತ್ತಾರೆ. ಅಷ್ಟೇ.

ಕಥೆ ನಿಜಕ್ಕೂ ಅಲ್ಲಿಗೇ ಮುಗಿದಿದ್ದರೆ ಜೆಫರ್ಸನ್‌ಗೆ ಕತ್ತರಿಸಲು ಪುಸ್ತಕವೇ ಸಿಗುತ್ತಿರಲಿಲ್ಲ!

ಆ ಕಾಲದ ಯೆಹೂದ್ಯರಲ್ಲಿ ನಾಯಕರಿಗೇನೂ ಬರ ಇರಲಿಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ ಐದನೇ ಅಧ್ಯಾಯದಲ್ಲಿ ಗಮಲಿಯೇಲ ಎಂಬ ಹಿರಿಯರು ಇಂಥ ಇಬ್ಬರನ್ನು ನೆನಪಿಸುತ್ತಾರೆ. ಒಬ್ಬನ ಹಿಂದೆ ಸುಮಾರು 400 ಜನ ಇದ್ದರು. ಅವನನ್ನು ಕೊಂದ ಮೇಲೆ ಎಲ್ಲರೂ ಚದರಿಹೋದರು. ಗಲಿಲಾಯದ ಯೂದನ ಕಡೆಯವರದ್ದೂ ಅದೇ ಪಾಡು. ನಾಯಕ ಸತ್ತ ಮೇಲೆ ಜನ ಬಲೆ ಮಡಚಿ ಮನೆಗೆ ಹೋಗುವುದು ಸಹಜ. ಯೇಸುವಿನ ಶಿಷ್ಯರೂ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಆಮೇಲೆ ಬೀದಿಗೆ ಬಂದವರು ಬೆಟ್ಟದ ಪ್ರಸಂಗವನ್ನು ಸಾರಲಿಲ್ಲ. "ಎದ್ದಿದ್ದಾನೆ" ಅಂದರು. ಬೋಧನೆ ನೆನಪಾಗಿದ್ದು, ಬರಹಕ್ಕೆ ಇಳಿದದ್ದು ಎಲ್ಲ ಅದರ ಬಾಲ ಹಿಡಿದು ಬಂದದ್ದು.

ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲ ಈ ವಿಷಯದಲ್ಲಿ ನನ್ನ ಗೆಳೆಯನಿಗಿಂತಲೂ ಖಡಕ್. ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದ ಸಭೆಗೆ ಬರೆದ ಪತ್ರದ ಹದಿನೈದನೇ ಅಧ್ಯಾಯ ತೆಗೆದು ನೋಡಿ. ಕ್ರಿಸ್ತ ಎದ್ದಿಲ್ಲ ಅಂದರೆ ನಾವು ಸಾರಿದ್ದರಲ್ಲಿ ಹುರುಳಿಲ್ಲ, ನೀವು ನಂಬಿದ್ದರಲ್ಲೂ ಹುರುಳಿಲ್ಲ, ದೇವರ ಹೆಸರಲ್ಲಿ ಸುಳ್ಳು ಸಾಕ್ಷಿ ಹೇಳಿದವರು ನಾವು ಅಂತಾನೆ. ಸತ್ತವರು ಏಳುವುದಿಲ್ಲವಾದರೆ ತಿನ್ನೋಣ, ಕುಡಿಯೋಣ, ನಾಳೆ ಹೇಗೂ ಸಾಯ್ತೀವಿ ಅಂತಲೂ ಅಂತಾನೆ. 'ಎದ್ದಿಲ್ಲದಿದ್ದರೂ ಪರವಾಗಿಲ್ಲ, ಬೋಧನೆ ಚೆನ್ನಾಗಿದೆ' ಅನ್ನುವ ಹಿಂಬಾಗಿಲನ್ನು ಅವನೇ ಚಿಲಕ ಹಾಕಿ ಮುಚ್ಚಿದ್ದಾನೆ. ನನಗೆ ಅವನ ಈ ಪ್ರಾಮಾಣಿಕತೆ ಇಷ್ಟ.

ಆದರೆ ಕೊರಿಂಥದವರ ಸಮಸ್ಯೆ ಬೇರೆಯೇ ಇತ್ತು. ಅವರಲ್ಲಿ ಕೆಲವರು ಹೇಳುತ್ತಿದ್ದದ್ದು, ಸತ್ತವರು ಏಳುವುದು ಅನ್ನುವುದೇ ಇಲ್ಲ ಅಂತ. ಗ್ರೀಕ್ ಪೇಟೆ ಅದು. ಆತ್ಮ ಮೇಲು, ದೇಹ ಅದರ ಸೆರೆಮನೆ ಅನ್ನುವ ಮಾತು ಆ ಕಡೆಯ ಗಾಳಿಯಲ್ಲೇ ಇತ್ತು. ಬಿಡುಗಡೆಯಾದವನು ಮತ್ತೆ ಜೈಲಿಗೆ ಹೋಗ್ತಾನಾ? ಅಥೇನೆಯಲ್ಲೂ ಪೌಲನ ಭಾಷಣವನ್ನು ಸತ್ತವರು ಏಳುವ ಮಾತು ಬರುವ ತನಕ ಕೇಳಿದರು. ಆಮೇಲೆ ಕೆಲವರು ನಕ್ಕರು.

ಇಲ್ಲಿ ನನ್ನ ತಕರಾರು ಗೆಳೆಯನ ಮೇಲಲ್ಲ, ನಮ್ಮವರ ಮೇಲೆ. ಅಮ್ಮ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರಲ್ಲಿ ಹೆಚ್ಚಿನವರು ನಮ್ಮ ಸಭೆಯವರೇ. "ದೇಹ ಅಂದ್ರೆ ಬರೀ ಅಂಗಿ, ಆತ್ಮ ದೇವರ ಹತ್ತಿರ ಹೋಯ್ತು" ಅಂತ ಹಿರಿಯರೊಬ್ಬರು ಬೆನ್ನು ತಟ್ಟಿದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಸಿಟ್ಟು ಬಂತು. ಅಂಗಿಯಂತೆ! ಅಮ್ಮ ನನಗೆ ಸಿಕ್ಕಿದ್ದೇ ಆ ದೇಹದಲ್ಲಿ. ಬಂಗುಡೆ ಕೊಯ್ಯುವಾಗ ಎಡಗೈ ಹೆಬ್ಬೆರಳಿಗೆ ಆದ ಗಾಯದ ಗುರುತು ಕೊನೆಯ ತನಕ ಇತ್ತು. ಅದು ಇಲ್ಲದ ಕೈ ನನ್ನ ಅಮ್ಮನ ಕೈ ಹೇಗಾಗುತ್ತದೆ?

ಸುವಾರ್ತೆ ಓದಿದರೆ ಎದ್ದು ಬಂದ ಯೇಸುವಿನ ಕೈಯಲ್ಲೂ ಗುರುತು ಹಾಗೇ ಇದೆ. ನೋಡದೆ ನಂಬುವುದಿಲ್ಲ ಅಂದ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಆತ ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದ ಅಂತ ಲೂಕ ಬರೆಯುತ್ತಾನೆ. ಯೋಹಾನನ ಕೊನೆಯ ಅಧ್ಯಾಯವಂತೂ ನಮ್ಮ ಕರಾವಳಿಯವರಿಗೆ ಬರೆದ ಹಾಗಿದೆ. ಬೆಳಗಿನ ಜಾವ, ಕೆರೆದಂಡೆ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. "ಬನ್ನಿ, ತಿನ್ನಿ" ಅಂತ ಕರೆಯುವುದು ಸಾವನ್ನು ಗೆದ್ದವನು. ಬಲೆಯಲ್ಲಿ ಸಿಕ್ಕಿದ್ದು 153 ಮೀನು. ಈ ಸಂಖ್ಯೆಯ ಗುಟ್ಟೇನು ಅಂತ ದೊಡ್ಡ ದೊಡ್ಡ ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮಜ್ಜಿಗೆ ಅದರಲ್ಲಿ ಗುಟ್ಟೇ ಕಾಣುತ್ತಿರಲಿಲ್ಲ. "ಮೀನು ಹಿಡಿದವರು ಎಣಿಸದೆ ಬಿಡ್ತಾರಾ?" ಅನ್ನುತ್ತಿದ್ದಳು.

'ಪುನರುತ್ಥಾನ' ಅನ್ನುವ ಭಾರದ ಪದ ಸ್ವಲ್ಪ ತೊಂದರೆಯನ್ನೂ ಮಾಡಿದೆ. ಕೇಳಿದವರು ಪುನರ್ಜನ್ಮದ ತಮ್ಮ ಅಂದುಕೊಳ್ಳುತ್ತಾರೆ. ಅಲ್ಲಿ ಬೇರೆ ಹುಟ್ಟು, ಬೇರೆ ದೇಹ. ಇಲ್ಲಿ ಅದೇ ಮನುಷ್ಯ, ಅದೇ ಗುರುತು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇದಕ್ಕೆ ಜಾಸ್ತಿ ಬರುವುದು ತೀರಾ ಮನೆಮಾತು. ನಿದ್ದೆಯಿಂದ ಎಬ್ಬಿಸುವುದಕ್ಕೂ ಅದೇ, ಸಾವಿನಿಂದ ಎಬ್ಬಿಸುವುದಕ್ಕೂ ಅದೇ. ನಮ್ಮ 'ಏಳು' ಅದಕ್ಕೆ ಸರಿಯಾಗಿ ಕೂರುತ್ತದೆ. ಸತ್ತುಹೋಗಿದ್ದ ಯಾಯೀರನ ಮಗಳ ಕೈಹಿಡಿದು ಯೇಸು ತನ್ನ ಅರಾಮಿಕ್ ಭಾಷೆಯಲ್ಲಿ ಹೇಳಿದ್ದು ಎರಡೇ ಪದ, 'ತಲಿಥಾ ಕೂಮ್'. ಹುಡುಗಿ, ಏಳು. ಶಾಲೆಗೆ ಹೊತ್ತಾಯ್ತು ಅಂತ ಅಮ್ಮ ಎಬ್ಬಿಸುತ್ತಾಳಲ್ಲ, ಹಾಗೆ. ಎದ್ದ ಮೇಲೆ ಅವಳಿಗೆ ತಿನ್ನಲು ಏನಾದರೂ ಕೊಡಿ ಅಂತಲೂ ಆತ ಹೇಳಿದ.

ಆ ಹುಡುಗಿ ಮುಂದೊಂದು ದಿನ ಮತ್ತೆ ಸತ್ತಿರಬೇಕು. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನೂ ಅಷ್ಟೇ. ಯೇಸುವಿನದ್ದು ಅಂಥ ತಾತ್ಕಾಲಿಕ ಎದ್ದು ಬರುವಿಕೆ ಅಲ್ಲ, ಸಾವು ಮತ್ತೆ ಮುಟ್ಟಲಾರದ ಬದುಕು ಅನ್ನುವುದು ಸಭೆಯ ನಂಬಿಕೆ. ಹಾಗಾದರೆ ಮಣ್ಣಾದ ದೇಹ, ಸುಟ್ಟ ದೇಹ ಏನಾಗುತ್ತದೆ? ಪೌಲನಿಗೂ ಈ ಪ್ರಶ್ನೆ ಬಂದಿತ್ತು. ಬಿತ್ತುವಾಗ ಬರೀ ಕಾಳು, ಬರುವುದು ಪೈರು ಅಂತ ರೈತನ ಉತ್ತರ ಕೊಟ್ಟ. ಕಥೋಲಿಕ ಸಭೆ ಹೆಣ ಸುಡುವುದಕ್ಕೆ ಒಪ್ಪಿಗೆ ಕೊಟ್ಟಿದ್ದು 1963ರಲ್ಲಿ. ಸುಟ್ಟರೆ ದೇವರಿಗೆ ಕಷ್ಟ ಆಗುತ್ತದೆ ಅಂತ ಅದಕ್ಕೂ ಮೊದಲೂ ಸಭೆ ಕಲಿಸಿರಲಿಲ್ಲ ಬಿಡಿ.

ದೇಹಕ್ಕೆ ಇಷ್ಟು ಬೆಲೆ ಇದೆ ಅಂದರೆ ಅದರ ಹಸಿವಿಗೂ ಬೆಲೆ ಇರಲೇಬೇಕು. ಪೌಲನ ಆ ಅಧ್ಯಾಯ ಕೊನೆಗೆ ಎಲ್ಲಿಗೋ ಏರುತ್ತದೆ. ತುತ್ತೂರಿ ಊದುತ್ತದೆ, ಸತ್ತವರು ಏಳುತ್ತಾರೆ, 'ಮರಣವೇ, ನಿನ್ನ ಜಯವೆಲ್ಲಿ' ಅಂತ ಸವಾಲು ಹಾಕುತ್ತಾನೆ. ನಮ್ಮ ಸಮಾಧಿ ಆರಾಧನೆಗಳಲ್ಲಿ ಅಲ್ಲಿಗೆ ಓದುವುದನ್ನು ನಿಲ್ಲಿಸುತ್ತೇವೆ. ಮುಂದಿನ ಅಧ್ಯಾಯದ ಮೊದಲ ಮಾತೇನು ಗೊತ್ತಾ? ಚಂದಾ ಎತ್ತುವ ವಿಷಯ! ಯೆರೂಸಲೇಮಿನ ಸಭೆಯವರಿಗೆ ಹಣ ಕಳಿಸಬೇಕಿದೆ, ವಾರದ ಮೊದಲ ದಿನ ಪ್ರತಿಯೊಬ್ಬರೂ ಕೈಲಾದಷ್ಟು ಎತ್ತಿಡಿ ಅಂತಾನೆ. ಪೌಲನಿಗೆ ಇದು ವಿಷಯಾಂತರ ಅನಿಸಿಯೇ ಇಲ್ಲ. ಆ ಮೊದಲ ದಿನ ಅಂದರೆ ಭಾನುವಾರ. ಸಮಾಧಿ ಖಾಲಿಯಾಗಿ ಕಂಡ ದಿನ.

ಇಷ್ಟೆಲ್ಲ ಬರೆದ ಮೇಲೆ, ನಿನಗೆ ಒಂದು ದಿನವೂ ಅನುಮಾನ ಬಂದಿಲ್ವಾ ಅಂತ ಕೇಳಬಹುದು. ಬಂದಿದೆ. ಖಾಲಿ ಸಮಾಧಿಯನ್ನು ಕಂಡು ಓಡಿಬಂದ ಹೆಂಗಸರ ಮಾತು ಅಪೊಸ್ತಲರಿಗೇ ಹರಟೆಯ ಹಾಗೆ ಕೇಳಿಸಿತ್ತು. ಮತ್ತಾಯನ ಕೊನೆಯ ಪುಟದಲ್ಲಿ ಯೇಸು ಕಣ್ಣೆದುರಿಗೇ ನಿಂತಿದ್ದಾನೆ. ಶಿಷ್ಯರು ಅಡ್ಡಬಿದ್ದರು, ಆದರೆ ಕೆಲವರು ಸಂಶಯಪಟ್ಟರು ಅಂತ ಬರೆದಿದೆ. ಯಾರೂ ಆ ಸಾಲನ್ನು ಬ್ಲೇಡಿನಿಂದ ತೆಗೆಯಲಿಲ್ಲ. ಸಂಶಯಪಟ್ಟವರನ್ನು ಆತ ಬೇರೆ ನಿಲ್ಲಿಸಲೂ ಇಲ್ಲ. ಎಲ್ಲರಿಗೂ ಒಂದೇ ಕೆಲಸ ಕೊಟ್ಟು ಕಳಿಸಿದ. ಕೆಲವು ಭಾನುವಾರ ನಾನು ಆ ಕೆಲವರ ಸಾಲಿನಲ್ಲೇ ಕೂತಿರುತ್ತೇನೆ.

ನಮ್ಮ ಸಭೆಯಲ್ಲಿ ಈಸ್ಟರ್ ದಿನ ನಸುಕಿನಲ್ಲೇ ಆರಾಧನೆ. ಚರ್ಚಿನ ಒಳಗಲ್ಲ, ಸ್ಮಶಾನದಲ್ಲಿ. 1732ರಲ್ಲಿ ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಹುಡುಗರು ಹೀಗೆ ಗೋರಿಗಳ ನಡುವೆ ನಿಂತು ಹಾಡಿ ಈಸ್ಟರ್ ಶುರುಮಾಡಿದ್ದರು. ನಮ್ಮಲ್ಲಿ ಮೇಣದ ಬತ್ತಿ ಗಾಳಿಗೆ ಆರುತ್ತಾ ಇರುತ್ತದೆ, ಸೊಳ್ಳೆ ಕಚ್ಚುತ್ತಾ ಇರುತ್ತದೆ. ಅಮ್ಮನ ಗೋರಿ ಎರಡನೇ ಸಾಲಿನಲ್ಲಿದೆ. ಬೆಳಕು ಹರಿಯುವ ಹೊತ್ತಿಗೆ ಪಾಸ್ಟರ್ "ಕ್ರಿಸ್ತನು ಎದ್ದಿದ್ದಾನೆ" ಅಂತಾರೆ. "ನಿಜವಾಗಿ ಎದ್ದಿದ್ದಾನೆ" ಅಂತ ನಾವು.

ವಾದ ಮಾಡುವ ಬದಲು ಗೆಳೆಯನನ್ನೇ ಈ ಸಲ ಕರೆದೆ. ಖುಷಿಯಿಂದ ಒಪ್ಪಿದ. ನಾಲ್ಕೂವರೆಗೆಲ್ಲ ಅಲ್ಲಿರಬೇಕು ಅಂದಾಗ ಮುಖ ಸಣ್ಣದಾಯಿತು.

"ಅಷ್ಟು ಬೇಗ ಯಾರು ಏಳ್ತಾರೆ ಮಾರಾಯ?"