ನಾಲ್ಕು ಬುದ್ಧಿ ಹೇಳಿಸೋಕೆ ಅಂತ ಯಾರನ್ನೂ ಥೆರಪಿಗೆ ಕರ್ಕೊಂಡು ಹೋಗಬೇಡಿ

ನಮ್ಮ ಹಾಸನದ ಕಡೆ ಕೌನ್ಸೆಲಿಂಗ್ ಅಂದರೆ ಮನೆಯವರ ತಲೆಗೆ ಬರುವುದು ಒಂದೇ. ಹುಡುಗ ಮಾತು ಕೇಳುತ್ತಿಲ್ಲ, ಸೊಸೆ ಯಾವಾಗಲೂ ಮಂಕಾಗಿರುತ್ತಾಳೆ, ಯಾರಾದರೂ ಓದಿಕೊಂಡವರು ಎದುರಿಗೆ ಕೂರಿಸಿಕೊಂಡು ನಾಲ್ಕು ಬುದ್ಧಿ ಹೇಳಲಿ. ನಾವು ಹೇಳಿದರೆ ಕೇಳಲ್ಲ, ಡಾಕ್ಟರ್ ಹೇಳಿದರೆ ಕೇಳುತ್ತಾರೆ. ಈ ಲೆಕ್ಕದಲ್ಲಿ ಹೋದವರು ಎರಡನೇ ಸಲಕ್ಕೇ ಬೇಸತ್ತು ಬಿಡುತ್ತಾರೆ. "ಏನೂ ಹೇಳ್ಲಿಲ್ಲ ಕಣ್ರೀ, ನಮ್ಮನ್ನೇ ಪ್ರಶ್ನೆ ಕೇಳ್ತಾ ಕೂತಿದ್ರು. ಅದಕ್ಕೆ ದುಡ್ಡು ಬೇರೆ!"

ಹೌದು, ಕೇಳುತ್ತಾರೆ. ಮೊದಲ ಸಲ ಪೂರ್ತಿ ಅದೇ ಆಗುತ್ತದೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಯಾವಾಗಿಂದ ಹೀಗೆ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ, ಕುಡಿಯುವ ಅಭ್ಯಾಸ ಇದೆಯಾ, ಥೈರಾಯ್ಡ್ ಟೆಸ್ಟ್ ಮಾಡಿಸಿದ್ದೀರಾ. ಮಧ್ಯದಲ್ಲಿ, "ಬದುಕೇ ಬೇಡ, ಸಾಯಬೇಕು ಅನ್ನಿಸಿದ್ದು ಇದೆಯಾ" ಅಂತಲೂ ನೇರವಾಗಿ ಕೇಳುತ್ತಾರೆ. ಇದನ್ನು ಕೇಳಿ ಜೊತೆಗೆ ಹೋದ ಅಪ್ಪ ಅಮ್ಮ ಬೆಚ್ಚಿ ಬೀಳುತ್ತಾರೆ, ಇಲ್ಲದ್ದನ್ನು ಇವರೇ ತಲೆಗೆ ತುಂಬುತ್ತಿದ್ದಾರೆ ಅಂತ. ಹಾಗೇನಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮೊದಲೇ ಇದ್ದವರಿಗೆ ಬಾಯಿಬಿಟ್ಟು ಹೇಳಲು ಒಂದು ದಾರಿ ಸಿಗುತ್ತದೆ ಅಷ್ಟೇ.

ನನ್ನದು ಪ್ಯಾನಿಕ್ ಅಟ್ಯಾಕ್ ಸಮಸ್ಯೆ. ಬಿ.ಎಂ. ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದಾಗ ಎದೆ ಡವಡವ ಅಂದು, ಕೈ ಬೆವೆತು, ಇವತ್ತು ಇಲ್ಲೇ ಮುಗೀತು ಅನ್ನಿಸುತ್ತಿತ್ತು. ನಮ್ಮಲ್ಲಿ ಎಲ್ಲರೂ ಹೋಗುವ ದಾರಿಯಲ್ಲೇ ನಾನೂ ಹೋದೆ. ಮೊದಲು ಗ್ಯಾಸ್ಟ್ರಿಕ್ ಮಾತ್ರೆ, ಆಮೇಲೆ ಇಸಿಜಿ, ಎಕೋ, ಎಲ್ಲ ನಾರ್ಮಲ್. ಅತ್ತೆ ಹರಕೆ ಹೊತ್ತರು, ಅಮ್ಮ ಹೊರನಾಡಿಗೆ ಹೋಗಿ ಬಂದರು. ಅದನ್ನು ನಾನು ಆಡಿಕೊಳ್ಳುವುದಿಲ್ಲ, ಅವರಿಗೆ ಅದರಿಂದ ಧೈರ್ಯ ಬಂತು. ದೇವರಿಗೂ ಹೋಗಿ, ಡಾಕ್ಟರ್ ಹತ್ತಿರವೂ ಹೋಗಿ, ಒಂದಕ್ಕಾಗಿ ಇನ್ನೊಂದನ್ನು ಬಿಡಬೇಡಿ.

ಥೆರಪಿಯಲ್ಲಿ ನನಗೆ ಸಿಕ್ಕಿದ್ದು ಸಮಾಧಾನದ ಮಾತಲ್ಲ, ಹೋಂವರ್ಕ್! ಎದೆ ಹೊಡೆದುಕೊಂಡಾಗಲೆಲ್ಲ ಟೈಮು, ಜಾಗ, ಆಗ ತಲೆಯಲ್ಲಿ ಓಡಿದ ಯೋಚನೆ, ಎಲ್ಲ ಒಂದು ನೋಟ್ ಬುಕ್ಕಿನಲ್ಲಿ ಬರೆಯಬೇಕು. ಆಮೇಲೆ ಬೇಕಂತಲೇ ಮೆಟ್ಟಿಲು ಹತ್ತಿಸಿ, ಸ್ಟ್ರಾದಲ್ಲಿ ಉಸಿರಾಡಿಸಿ, ನಾನು ಯಾವುದಕ್ಕೆ ಹೆದರಿ ಓಡುತ್ತಿದ್ದೆನೋ ಆ ಏದುಸಿರನ್ನೇ ಬರಿಸಿದರು. ಎದೆ ಜೋರಾಗಿ ಹೊಡೆದುಕೊಂಡರೂ ಸಾಯುವುದಿಲ್ಲ ಅಂತ ಮೈಗೆ ಗೊತ್ತಾಗಬೇಕಂತೆ, ಬಾಯಲ್ಲಿ ಹೇಳಿದರೆ ಸಾಲದು. ಇದಕ್ಕೆ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅನ್ನುತ್ತಾರೆ. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ಶುರು ಮಾಡಿದ ವಿಧಾನ. ಸಾಮಾನ್ಯವಾಗಿ ವಾರಕ್ಕೊಂದು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಕೆಲವು ತಿಂಗಳು. ಬೇರೆ ಥರದ ಥೆರಪಿಗಳೂ ಇವೆ, ಕೆಲವು ಇನ್ನೂ ಜಾಸ್ತಿ ದಿನ ಹಿಡಿಯುತ್ತವೆ.

ಯಾರ ಹತ್ತಿರ ಹೋಗಬೇಕು ಅನ್ನುವುದೇ ದೊಡ್ಡ ಗೊಂದಲ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದಮೇಲೆ ಮನೋರೋಗ ಓದಿದವರು, ಮಾತ್ರೆ ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಥೆರಪಿಯ ತರಬೇತಿ ಆದವರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ನಂಬರ್ ಇರಬೇಕು. ಫೋನಿನಲ್ಲೇ ಕೇಳಿ. ಕೆಲಸ ಗೊತ್ತಿರುವವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಫೀಸು ಎಷ್ಟು, ಕನ್ನಡದಲ್ಲಿ ಮಾತಾಡುತ್ತಾರಾ ಅಂತಲೂ ಆಗಲೇ ಕೇಳಿಬಿಡಿ. ಬೋರ್ಡ್ ಹಾಕಿಕೊಂಡು ಕೂತವರೆಲ್ಲ ಕಲಿತವರಲ್ಲ. ನನ್ನ ತಂಗಿಯನ್ನು ಒಬ್ಬರ ಹತ್ತಿರ ಕರ್ಕೊಂಡು ಹೋಗಿದ್ದೆವು. ಅವಳು ಹೇಳುವುದನ್ನು ಅರ್ಧ ಕೇಳಿ, "ಮದುವೆ ಮಾಡಿ, ಎಲ್ಲ ಸರಿ ಹೋಗುತ್ತೆ" ಅಂದರು. ಇದನ್ನು ನಮ್ಮ ಬೀದಿಯ ಅಂಗಡಿಯವರು ಫ್ರೀ ಆಗಿ ಹೇಳುತ್ತಿದ್ದರು. ಅಲ್ಲಿಗೆ ಮತ್ತೆ ಹೋಗಲಿಲ್ಲ. ನೀವೂ ಅಷ್ಟೇ, ಒಂದೆರಡು ಸಲಕ್ಕೂ ಹೊಂದಿಕೆ ಆಗಲಿಲ್ಲ ಅಂದರೆ ಥೆರಪಿಸ್ಟ್ ಬದಲಾಯಿಸಿ, ಥೆರಪಿಯನ್ನೇ ಬಿಡಬೇಡಿ.

ಯಾರೋ ಕಿವಿಯಲ್ಲಿ ಮಾತಾಡಿದ ಹಾಗೆ ಕೇಳಿಸುವುದು, ಎಲ್ಲರ ಮೇಲೂ ಅನುಮಾನ, ದಿನಗಟ್ಟಲೆ ನಿದ್ದೆಯೇ ಇಲ್ಲದೆ ಓಡಾಡುವುದು, ಇಂಥದ್ದಾದರೆ ಮೊದಲು ಸೈಕಿಯಾಟ್ರಿಸ್ಟ್. ಅಲ್ಲಿ ಮಾತು ಮಾತ್ರ ಸಾಲುವುದಿಲ್ಲ, ಔಷಧಿ ಬೇಕು. ಖಿನ್ನತೆಗೆ ಕೊಡುವ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಮೂರೇ ದಿನಕ್ಕೆ "ಏನೂ ಪ್ರಯೋಜನ ಇಲ್ಲ" ಅಂತ ನಿಲ್ಲಿಸುವವರು, ಸ್ವಲ್ಪ ಹುಷಾರಾದ ಕೂಡಲೇ ಕೇಳದೆ ನಿಲ್ಲಿಸುವವರು, ಎರಡು ಥರದವರೂ ನಮ್ಮ ಮನೆಗಳಲ್ಲಿದ್ದಾರೆ. ಖರ್ಚಿನ ಯೋಚನೆ ಇದ್ದರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ನಮ್ಮ ಹಿಮ್ಸ್ ಇದೆ, ಚಿಕ್ಕಮಗಳೂರಿನವರಿಗೆ ಅಲ್ಲಿಯ ಜಿಲ್ಲಾಸ್ಪತ್ರೆ ಇದೆ. ಎಲ್ಲದಕ್ಕೂ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕಾಗಿಲ್ಲ. ಟೆಲಿಮಾನಸ್ ಅಂತ 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಯಾರಾದರೂ ಜೀವ ಕಳೆದುಕೊಳ್ಳುವ ಮಾತಾಡುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.

ಈಗ ಮನೆಯವರಿಗೆ. ನಿಮ್ಮ ಮಗಳು ಬಾಗಿಲು ಹಾಕಿಕೊಂಡು ಒಳಗೆ ಏನು ಹೇಳಿದಳು ಅಂತ ಥೆರಪಿಸ್ಟ್ ನಿಮಗೆ ಹೇಳುವುದಿಲ್ಲ. ಫೀಸು ನೀವೇ ಕೊಟ್ಟಿರಬಹುದು, ಆದರೂ ಹೇಳುವುದಿಲ್ಲ. ಪ್ರಾಣಕ್ಕೆ ಅಪಾಯ ಇದ್ದಾಗ, ಚಿಕ್ಕ ಮಕ್ಕಳ ವಿಷಯದಲ್ಲಿ ಲೆಕ್ಕ ಬೇರೆ. ಉಳಿದಂತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗೋಪ್ಯತೆ ರೋಗಿಯ ಹಕ್ಕು ಅಂತ ಬರೆದಿದೆ. ಹಾಗಾಗಿ ಕಾರು ಹತ್ತಿದ ಕೂಡಲೇ "ನನ್ ಬಗ್ಗೆ ಏನ್ ಹೇಳ್ದೆ?" ಅಂತ ಶುರು ಮಾಡಬೇಡಿ. ಆ ಸಂಜೆ ಅವರು ಇನ್ನೂ ಮಂಕಾಗಿ, ಸಿಡಿಮಿಡಿ ಅಂತ ಇರಬಹುದು. ಹಳೆಯದನ್ನೆಲ್ಲ ಕೆದಕಿ ಬಂದಿರುತ್ತಾರೆ, ಹಾಗಾಗುವುದು ಸಹಜ. ಕಾಫಿ ಕೊಟ್ಟು ಸುಮ್ನಿರಿ.

ಇನ್ನೊಂದನ್ನು ಯಾರೂ ಮೊದಲೇ ಹೇಳುವುದಿಲ್ಲ. ಥೆರಪಿ ಕೆಲಸ ಮಾಡತೊಡಗಿದರೆ ಮನೆಯವರಿಗೆ ಕಿರಿಕಿರಿ ಆಗುತ್ತದೆ! ಇಷ್ಟು ವರ್ಷ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ ಸೊಸೆ, "ಈ ಭಾನುವಾರ ಇಪ್ಪತ್ತು ಜನಕ್ಕೆ ಅಡುಗೆ ನನ್ನೊಬ್ಬಳ ಕೈಲಿ ಆಗಲ್ಲ ಅತ್ತೆ" ಅಂತಾಳೆ. ಮಗ "ಆ ಕೋರ್ಸ್ ನಂಗೆ ಬೇಡ ಅಪ್ಪ" ಅಂತಾನೆ. ಆಗ ಮನೆಯಲ್ಲಿ ಬರುವ ಮಾತು, "ಅಲ್ಲಿಗೆ ಹೋದ್ಮೇಲೆ ಜಾಸ್ತಿ ಆಯ್ತು, ಇದನ್ನೇನಾ ಕಲಿಸಿದ್ದು?" ಸುಮಾರು ಜನ ಇಲ್ಲೇ ನಿಲ್ಲಿಸುತ್ತಾರೆ, ಅಲ್ವಾ? ಬುದ್ಧಿ ಹೇಳಿಸಿ ಸರಿ ಮಾಡಿಸೋಣ ಅಂತ ಕಳಿಸಿದ್ದರು, ಅವಳು ತನ್ನ ಬುದ್ಧಿಯಲ್ಲೇ ಯೋಚನೆ ಮಾಡತೊಡಗಿದಳು. ನನ್ನ ಕೇಳಿದರೆ ಹುಷಾರಾಗುತ್ತಿರುವ ಲಕ್ಷಣ ಅದು. ಮನೆಯವರೂ ಬನ್ನಿ ಅಂತ ಥೆರಪಿಸ್ಟ್ ಒಂದು ದಿನ ಕರೆಯಬಹುದು. ತಪ್ಪು ಹುಡುಕಲು ಕರೆದರು ಅಂತ ಮುಖ ಊದಿಸಿಕೊಳ್ಳದೆ ಹೋಗಿ.

ನಮ್ಮ ಊರಿನಲ್ಲಿ ಥೆರಪಿಸ್ಟ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಾಗ ಪರಿಚಯದವರು ಸಿಕ್ಕೇ ಸಿಗುತ್ತಾರೆ. "ಏನ್ರೀ, ಇಲ್ಲಿ?" ಅಂತಾರೆ. ಅವರೂ ಅಲ್ಲಿಗೇ ಬಂದಿರುತ್ತಾರೆ ಅನ್ನುವುದು ಬೇರೆ ಮಾತು. ಅಷ್ಟೂ ಕಷ್ಟ ಅನ್ನಿಸಿದರೆ ಆನ್‌ಲೈನ್ ಇದೆ. ಆದರೆ ಕೂಡು ಮನೆಯಲ್ಲಿ ಒಂದು ಗಂಟೆ ಯಾರೂ ಬರದ ಜಾಗ ಹುಡುಕುವುದೇ ಸಾಹಸ, ಸಕಲೇಶಪುರದ ಆಚೆ ತೋಟದ ಮನೆಗಳಲ್ಲಿ ನೆಟ್‌ವರ್ಕೂ ಸಿಗಬೇಕು. ನಿಲ್ಲಿಸಿದ ಕಾರಿನಲ್ಲಿ ಗ್ಲಾಸ್ ಏರಿಸಿಕೊಂಡು ಕೂತು ಮಾತಾಡುವವರು ನನಗೆ ಗೊತ್ತು.

ಕಾಮೆಂಟಿನಲ್ಲಿ ನನ್ನ ಥೆರಪಿಸ್ಟ್ ಹೆಸರು ಮಾತ್ರ ಕೇಳಬೇಡಿ. ಹತ್ತಿರದ ನೆಂಟರನ್ನು ಬೇರೆ ಬೇರೆಯಾಗಿ ನೋಡಲು ಒಬ್ಬರೇ ಥೆರಪಿಸ್ಟ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಪೋಸ್ಟ್ ಓದುವವರಲ್ಲಿ ಅರ್ಧ ಜನ ನನ್ನ ನೆಂಟರೇ.