7(9) ಅಂದರೆ 'ಕೊಡಲ್ಲ' ಅಂತ ಅಲ್ಲ

ಇವತ್ತು ಸಂಜೆ ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ಕಚೇರಿ ಕೊಟ್ಟ ಹಿಂಬರಹ, ಅಂದರೆ ಲಿಖಿತ ಉತ್ತರ, ತಂದು ತೋರಿಸಿದರು. ಓದಿ ಮೈ ಉರಿಯಿತು. ಕೆರೆ ಹೂಳು ತೆಗೆಸಿದ ಕೆಲಸದ ಮೂರು ವರ್ಷದ ಬಿಲ್ಲು, ಅಳತೆ ಪುಸ್ತಕದ ನಕಲು ಕೇಳಿದ್ದರು. ಬಂದ ಉತ್ತರ ಒಂದೇ ಸಾಲು. ಮಾಹಿತಿ ಜಾಸ್ತಿ ಇದೆ, ಕಲಂ 7(9)ರ ಪ್ರಕಾರ ಕೊಡಲು ಬರುವುದಿಲ್ಲ.

ಭಾನುವಾರ ಆರ್‌ಟಿಐ ಅರ್ಜಿ ಬರೆದುಕೊಡುತ್ತಾ ಕೂರುವವನು ನಾನು, ನಿಮಗೆಲ್ಲ ಗೊತ್ತೇ ಇದೆ. ಈ ಒಂದು ಸಾಲನ್ನು ಎಷ್ಟು ಸಲ ನೋಡಿದ್ದೇನೋ!

2005ರ ಮಾಹಿತಿ ಹಕ್ಕು ಕಾಯ್ದೆ ತೆಗೆದು ಓದಿ. 7(9) ಮಾತಾಡುವುದು ಮಾಹಿತಿಯ ರೂಪದ ಬಗ್ಗೆ. ಕೇಳಿದ ರೂಪದಲ್ಲೇ ಕೊಡಬೇಕು. ಹಾಗೆ ಕೊಟ್ಟರೆ ಕಚೇರಿಗೆ ಮಿತಿಮೀರಿದ ಹೊರೆಯಾಗುತ್ತದೆ, ಇಲ್ಲವೇ ದಾಖಲೆಯೇ ಹಾಳಾಗುತ್ತದೆ ಅಂತಾದರೆ ಮಾತ್ರ ಆ ರೂಪ ಬಿಡಬಹುದು. ರೂಪ ಬಿಡಬಹುದು, ಮಾಹಿತಿಯನ್ನಲ್ಲ! ಸಾವಿರ ಪುಟ ನಕಲು ಮಾಡಲು ಆಗುವುದಿಲ್ಲವೇ? ಬನ್ನಿ, ಕೂತು ಕಡತ ನೋಡಿ, ಬೇಕಾದ ಪುಟ ಗುರುತು ಮಾಡಿ ಅನ್ನಲಿ. ಕಡತ ನೋಡುವ ಹಕ್ಕು ಕಲಂ 2(ಜೆ)ಯಲ್ಲೇ ಇದೆ. ನಿರಾಕರಿಸಲು ಕಾರಣ ಬೇಕಿದ್ದರೆ 8 ಮತ್ತು 9ನೇ ಕಲಂಗಳಲ್ಲಿ ಹುಡುಕಬೇಕು. ಅಲ್ಲಿ 'ಕೆಲಸ ಜಾಸ್ತಿ' ಅನ್ನುವ ಕಾರಣ ಇಲ್ಲ. ಕೇರಳ ಹೈಕೋರ್ಟ್ 2010ರಲ್ಲೇ ಇದನ್ನು ಬಿಡಿಸಿ ಹೇಳಿದೆ.

ಬ್ರಿಟನ್ನಿನ ಕಾನೂನು ಬೇರೆ. ಅಲ್ಲಿ ಮಾಹಿತಿ ಹುಡುಕುವ ಖರ್ಚು ಕೇಂದ್ರ ಸರ್ಕಾರದ ಇಲಾಖೆಗೆ 600 ಪೌಂಡ್, ಉಳಿದ ಸಂಸ್ಥೆಗಳಿಗೆ 450 ಪೌಂಡ್ ದಾಟಿದರೆ ನಿರಾಕರಿಸಬಹುದು. ನಮ್ಮ ಸಂಸತ್ತು ಅಂಥ ಮಿತಿ ಬರೆಯಲಿಲ್ಲ. ಬರೆಯದ ಮಿತಿಯನ್ನು ಒಬ್ಬ ಅಧಿಕಾರಿ ಹಿಂಬರಹದಲ್ಲಿ ಬರೆಯುವುದು ಯಾವ ನ್ಯಾಯ?

ಸುಮ್ನೆ ಕಾಟ ಕೊಡಲು ಅರ್ಜಿ ಹಾಕುವವರೂ ಇದ್ದಾರೆ ಅನ್ನುತ್ತೀರಿ. ಇದ್ದಾರೆ, ನಾನೂ ಕಂಡಿದ್ದೇನೆ. ಸಿಬ್ಬಂದಿಯ ಶೇ. 75ರಷ್ಟು ಜನ ತಮ್ಮ ಶೇ. 75ರಷ್ಟು ಸಮಯವನ್ನು ಮಾಹಿತಿ ಕೊಡುವುದಕ್ಕೇ ಕಳೆಯುವ ಸ್ಥಿತಿ ಬೇಡ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದ್ದೂ ನಿಜ. ಆದರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಅನ್ನುವ ಕಟ್ಟು ಆಗಲೇ ಇದೆ. ಇನ್ನೂ ಹೊರೆ ಅನ್ನಿಸಿದರೆ 4ನೇ ಕಲಂ ಹೇಳಿದ ಹಾಗೆ ಲೆಕ್ಕಪತ್ರವನ್ನು ಮೊದಲೇ ವೆಬ್‌ಸೈಟಿಗೆ ಹಾಕಲಿ. ಆಗ ಯಾರು ಕೇಳುತ್ತಾರೆ?

ಒಂದು ಮಾತು ಹೇಳಲೇಬೇಕು. ಮೊದಲ ಸಲ ನನಗೂ ಇದೇ ಹಿಂಬರಹ ಬಂದಿತ್ತು. ಕಾನೂನೇ ಹಾಗಿರಬೇಕು ಅಂದುಕೊಂಡು ಸುಮ್ಮನಾದೆ. ಕಲಂ ತೆಗೆದು ಓದಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆ ಹಿರಿಯರೂ ಸಂಜೆ 'ಹೋಗಲಿ ಬಿಡಪ್ಪಾ' ಅಂದರು. ಬಿಡುವುದಿಲ್ಲ. ನಿರಾಕರಿಸಿದ್ದು ಸರಿ ಅಂತ ತೋರಿಸುವ ಹೊಣೆ ಅಧಿಕಾರಿಯದ್ದು, 19(5)ರಲ್ಲಿ ಹಾಗೇ ಇದೆ. ಮೊದಲ ಮೇಲ್ಮನವಿಗೆ 30 ದಿನ ಅವಕಾಶ, ಅದರಲ್ಲಿ 11 ದಿನ ಉಳಿದಿದೆ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗುತ್ತಿದ್ದೇನೆ.