ನಿದ್ದೇಲಿ ಎಂಥ ಟೆನ್ಶನ್ ಡಾಕ್ಟ್ರೇ?

ಎಂಟು ತಿಂಗಳಿಂದ ನಂಗೆ ಆಗಾಗ ಎದೆ ಢವಢವ ಅಂತ ಹೊಡ್ಕೊಳ್ಳೋದು, ಬೋರ್ಡ್ ಮೇಲೆ ಬರೀತಿರುವಾಗ್ಲೇ ಕಣ್ಣು ಮಂಜಾಗೋದು, ಸ್ವಲ್ಪ ಹೊತ್ತು ಕೂತ್ರೆ ಸರಿಹೋಗೋದು. ಮೂರು ಸಲ ಇಸಿಜಿ ಮಾಡಿಸ್ದೆ, ಮೂರು ಸಲಾನೂ ನಾರ್ಮಲ್. ಒಬ್ರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಬರೆದ್ರು. ಇನ್ನೊಬ್ರು ನನ್ನ ಮುಖಾನೂ ನೋಡ್ದೆ ನಮ್ಮ ಯಜಮಾನ್ರ ಕಡೆ ತಿರುಗಿ "ಈ ವಯಸ್ಸಲ್ಲಿ ಹೆಂಗಸ್ರಿಗೆ ಇದೆಲ್ಲ ಇದ್ದಿದ್ದೇ, ಟೆನ್ಶನ್ ಕಮ್ಮಿ ಮಾಡ್ಕೊಳ್ಳೋಕೆ ಹೇಳಿ" ಅಂದ್ರು. ಆವತ್ತು ಬಸ್ಸಲ್ಲಿ ವಾಪಸ್ ಬರ್ತಾ ನಂಗೇ ನನ್ಮೇಲೆ ಅನುಮಾನ ಬಂತು, ಎಲ್ಲಾ ನಾನೇ ಸುಮ್ನೆ ಅಂದ್ಕೊಳ್ತಿದೀನಾ ಅಂತ. ಆ ಅನುಮಾನ ಹುಟ್ಟಿಸಿದ್ರಲ್ಲ, ಅದಕ್ಕೇ ಇವತ್ತಿಗೂ ಸಿಟ್ಟು.

ಮಾಮೂಲಿ ಇಸಿಜಿ ಕಾಗದದಲ್ಲಿ ಬರೋದು ಬರೀ 10 ಸೆಕೆಂಡಿನ ಬಡಿತ ಕಣ್ರೀ. ದಿನಕ್ಕೆ ಹತ್ತತ್ರ 1 ಲಕ್ಷ ಸಲ ಬಡಿಯೋ ಹೃದಯ ಆ 10 ಸೆಕೆಂಡು ಸರಿಯಾಗಿತ್ತು ಅಂದ್ರೆ ಉಳಿದ 86,390 ಸೆಕೆಂಡಿನ ಕಥೆ ಯಾರು ಹೇಳ್ಬೇಕು?

ಕೊನೆಗೆ ಬೇರೆ ಡಾಕ್ಟ್ರು ಹಾಲ್ಟರ್ ಹಾಕಿಸಿದ್ರು, ಅಂದ್ರೆ ಇಡೀ ದಿನದ ಎದೆ ಬಡಿತ ಬಿಡದೆ ರೆಕಾರ್ಡ್ ಮಾಡೋ ಯಂತ್ರ. ಎದೆ ಮೇಲೆ ಸ್ಟಿಕ್ಕರ್, ವೈರು, ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, 24 ಗಂಟೆ ಸ್ನಾನ ಇಲ್ಲ. ಇದನ್ನ ಕಂಡುಹಿಡಿದ ಅಮೆರಿಕದ ನಾರ್ಮನ್ ಹಾಲ್ಟರ್ 1940ರ ದಶಕದಲ್ಲಿ ಮೊದಲು ಮಾಡಿದ್ದು ಬೆನ್ನಿಗೆ ಹೊರೋ ಸುಮಾರು 38 ಕೆಜಿ ಪೆಟ್ಟಿಗೆಯಂತೆ! ಹಾಕಿದ ಹುಡುಗಿ ಒಂದು ಒಳ್ಳೆ ಮಾತು ಹೇಳಿದ್ಲು: "ಮೇಡಂ, ರಜಾ ಹಾಕಿ ಮಲ್ಕೋಬೇಡಿ, ದಿನಾ ಮಾಡೋದೆಲ್ಲ ಮಾಡಿ, ಎದೆ ಹೊಡ್ಕೊಂಡ್ರೆ ಬಟನ್ ಒತ್ತಿ ಟೈಮ್ ಬರೀರಿ."

ಹಾಗೇ ಬರೆದೆ. 11.25 ಎಂಟನೇ ಕ್ಲಾಸು, ಏನೂ ಇಲ್ಲ. 5.15 ಬಸ್ಸಿಗೆ ಓಡಿದೆ, ಏದುಸಿರು ಅಷ್ಟೇ. 7.50 ಚಪಾತಿ ಲಟ್ಟಿಸುವಾಗ ಶುರು. ಹಿಟ್ಟಿನ ಕೈಯಲ್ಲೇ ಬಟನ್ ಒತ್ತಿದೆ, ಆ ಹಾಳೆ ಮೇಲೆ ಹಿಟ್ಟಿನ ಬೆರಳಚ್ಚು ಇನ್ನೂ ಇದೆ. ರಾತ್ರಿ ವೈರ್ ಕಿತ್ತುಹೋದೀತು ಅಂತ ಮಗ್ಗುಲು ಬದಲಾಯಿಸೋಕೂ ಹೆದ್ರಿ, ಹೇಗೋ ನಿದ್ದೆ ಬಂತು.

ರಿಪೋರ್ಟಲ್ಲಿ 7.50ಕ್ಕೆ ಸರಿಯಾಗಿ ಏಟ್ರಿಯಲ್ ಫಿಬ್ರಿಲೇಶನ್, ಅಂದ್ರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರೋದು. ಅದಕ್ಕಿಂತ ನಂಗೆ ಕೈಕಾಲು ತಣ್ಣಗಾಗಿದ್ದು ಮಧ್ಯರಾತ್ರಿ 2.14ರ ಸಾಲು ನೋಡಿ. 22 ನಿಮಿಷ ಅದೇ ತಾಳ ತಪ್ಪಿದ ಬಡಿತ, ನಾನು ಗಾಢ ನಿದ್ದೇಲಿದ್ದೆ, ನಂಗೆ ಗೊತ್ತೇ ಆಗಿಲ್ಲ. ಗೊತ್ತೇ ಆಗದೆ ಇರೋದನ್ನ ಅಂದ್ಕೊಳ್ಳೋದು ಹೇಗೆ?

ಹೀಗೆ ಅದುರುವಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದ್ರೆ ಸ್ಟ್ರೋಕ್. ನಂಗೆ ಬಿಪಿ ಬೇರೆ ಇದೆ, ಹಾಗಾಗಿ ಎಲ್ಲಾ ಲೆಕ್ಕ ಹಾಕಿ ರಕ್ತ ತೆಳು ಮಾಡೋ ಮಾತ್ರೆ ಶುರು ಮಾಡಿದಾರೆ.

ಎದೆ ಹೊಡ್ಕೊಂಡೋರಿಗೆಲ್ಲ ಇದೇ ಇರುತ್ತೆ ಅಂತ ಖಂಡಿತ ಅಲ್ಲ, ಎಷ್ಟೋ ಜನಕ್ಕೆ ನಡುನಡುವೆ ಒಂದೆರಡು ಬಡಿತ ಜಾಸ್ತಿ ಬಿದ್ದಿರುತ್ತೆ, ಅದರಿಂದ ಏನೂ ತೊಂದ್ರೆ ಇರಲ್ಲ, ಆದ್ರೆ ಅದನ್ನೂ ನೋಡಿಯೇ ಹೇಳ್ಬೇಕಲ್ವಾ? 24 ಗಂಟೇಲಿ ಸಿಗದಿದ್ರೆ 7 ದಿನ, 14 ದಿನ ಹಾಕೋ ಪ್ಯಾಚೂ ಇದಾವೆ, ಕೇಳಿ.

ನಮ್ಮ ಸ್ಟಾಫ್ ರೂಮಲ್ಲೇ ಇನ್ನೊಬ್ರು ಮೇಡಂ ಒಂದು ವರ್ಷದಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗ್ತಿದಾರೆ. ಶನಿವಾರ ಮಾರ್ನಿಂಗ್ ಕ್ಲಾಸ್ ಮುಗಿಸ್ಕೊಂಡು ಅವರನ್ನ ನಾನೇ ಕರ್ಕೊಂಡು ಹೋಗ್ತಿದೀನಿ.